ಮನೆಯಲ್ಲೇ ಥ್ರಾಟಲ್ ಡಬ್ಬಿ: ಸೆಸ್ನಾ 172ಕ್ಕೆ ಥ್ರಾಟಲ್, ಮಿಕ್ಸ್ಚರ್, ಫ್ಲಾಪ್ ಕಟ್ಟುವ ಸರಿಯಾದ ಕ್ರಮ

ಫ್ಲೈಟ್ ಸಿಮ್ಯುಲೇಟರ್‌ಗೆ ಮನೆಯಲ್ಲೇ ಥ್ರಾಟಲ್ ಮಾಡಿ, ಅದು ಸರಿಯಾಗಿ ಕೆಲಸ ಮಾಡದೆ ಸ್ನೇಹಿತರು ನನ್ನ ಹತ್ರ ತಂದ ಡಬ್ಬಿಗಳನ್ನು ಬಿಚ್ಚಿ ನೋಡಿದರೆ ಬಹುಪಾಲು ಒಂದೇ ಕಥೆ. ಸಾಮಾನು ಒಳ್ಳೆಯದೇ ಇರುತ್ತದೆ. ಬೆಸುಗೆಯೂ ಪರವಾಗಿಲ್ಲ. ಆದರೆ ಮೊದಲು ಬೆಸುಗೆ ಹಾಕಿ, ಆಮೇಲೆ ಡಬ್ಬಿ ಮಾಡಿ, ಎಲ್ಲ ಮುಗಿದ ಮೇಲೆ ಕಂಪ್ಯೂಟರ್‌ಗೆ ಚುಚ್ಚಿ ನೋಡಿರುತ್ತಾರೆ. ಆಗ ಎಲ್ಲಿ ತಪ್ಪಿದೆ ಅಂತ ಹುಡುಕಲು ದಾರಿಯೇ ಇರುವುದಿಲ್ಲ. ಪರೀಕ್ಷೆ ಮೊದಲು, ಡಬ್ಬಿ ಆಮೇಲೆ, ಬೆಸುಗೆ ಕೊನೆಗೆ. ಈ ಬರಹ ಪೂರ್ತಿ ಆ ಕ್ರಮದ ಮೇಲೆ ನಿಂತಿದೆ. ದಯವಿಟ್ಟು ಹಂತ ಹಾರಿಸಬೇಡಿ.

## ಏನು ಕಟ್ಟುತ್ತೇವೆ

ಮೊದಲ ಡಬ್ಬಿಯಲ್ಲಿ ಮೂರೇ ಮೂರು ಇರಲಿ. ಒಳಗೆ ತಳ್ಳಿ ಹೊರಗೆ ಎಳೆಯುವ ಕಪ್ಪು ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವುದು), ಅದರ ಬಲಕ್ಕೆ ಕೆಂಪು ಮಿಕ್ಸ್ಚರ್ (ಗಾಳಿಗೆ ಬೆರೆಯುವ ಇಂಧನದ ಪ್ರಮಾಣ ಹೊಂದಿಸುವುದು), ಅದರ ಬಲಕ್ಕೆ 0, 10, 20, 30 ಡಿಗ್ರಿಯ ಫ್ಲಾಪ್ ಹಿಡಿ (ಫ್ಲಾಪ್ ಅಂದರೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಗಿಳಿಯುವ ಪಟ್ಟಿ). ಸೆಸ್ನಾ 172ಎಸ್‌ನಲ್ಲಿ ಇರುವ ಸಾಲೂ ಇದೇ. ಲೈಟಿನ ಸ್ವಿಚ್ಚು, ಟ್ರಿಮ್ ಚಕ್ರ, ರೇಡಿಯೊ ಗುಂಡಿ ಎಲ್ಲ ಎರಡನೇ ಡಬ್ಬಿಗೆ ಬಿಡಿ. ಒಂದೇ ಸಲ ಪೂರ್ತಿ ಕಾಕ್‌ಪಿಟ್ ಕಟ್ಟಲು ಹೊರಟವರು ಅರ್ಧಕ್ಕೆ ನಿಲ್ಲಿಸಿದ್ದನ್ನೇ ನಾನು ಜಾಸ್ತಿ ನೋಡಿರುವುದು.

ನಾವು ಮಾಡುವ ಡಬ್ಬಿಯನ್ನು ಕಂಪ್ಯೂಟರ್ ಒಂದು ಸಾಮಾನ್ಯ ಯುಎಸ್‌ಬಿ ಜಾಯ್‌ಸ್ಟಿಕ್ ಅಂತಲೇ ನೋಡುತ್ತದೆ. ಹಾಗಾಗಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಎಕ್ಸ್-ಪ್ಲೇನ್ 12, ಫ್ಲೈಟ್‌ಗಿಯರ್ ಮೂರರಲ್ಲೂ ನಡೆಯುತ್ತದೆ. ದುಡ್ಡು ಹಾಕುವ ಮೊದಲು ನೋಡೋಣ ಅನ್ನುವವರಿಗೆ ಫ್ಲೈಟ್‌ಗಿಯರ್ ಪುಕ್ಕಟೆ, ಅದರಲ್ಲಿ ಸೆಸ್ನಾ 172ಪಿ ಜೊತೆಗೇ ಬರುತ್ತದೆ.

## ಬೇಕಾದ ಸಾಮಾನು

- ಆರ್ಡುಯಿನೊ ಪ್ರೊ ಮೈಕ್ರೊ ಅಥವಾ ಲಿಯೊನಾರ್ಡೊ ಬೋರ್ಡ್, 5 ವೋಲ್ಟಿನದು. ಒಂದು
- 10ಕೆ ಲೀನಿಯರ್ ಸ್ಲೈಡ್ ಪಾಟ್ (ಪೊಟೆನ್ಷಿಯೊಮೀಟರ್, ಅಂದರೆ ಕಡ್ಡಿ ಜಾರಿಸಿದ ಹಾಗೆ ಬದಲಾಗುವ ರೆಸಿಸ್ಟರ್), 60 ಮಿ.ಮೀ. ಓಟದ್ದು. ಬೇಕಾದ್ದು ಎರಡು, ತರುವುದು ಮೂರು
- ರೋಟರಿ ಸ್ವಿಚ್, 1 ಪೋಲ್ 12 ವೇ
- 104 ಅಂತ ಬರೆದ ಪುಟ್ಟ ಸೆರಾಮಿಕ್ ಕೆಪಾಸಿಟರ್ ಎರಡು
- ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ವೈರು ಚುಚ್ಚಿ ಜೋಡಿಸುವ ಹಲಗೆ), ಜಂಪರ್ ವೈರು, ಮೂರು ಬಣ್ಣದ ಎಳೆ ವೈರು
- 8 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಅಥವಾ ಸ್ಟೀಲ್ ಸರಳು, ಅದಕ್ಕೆ ಹೊಂದುವ ಶಾಫ್ಟ್ ಕಾಲರ್ (ಸ್ಕ್ರೂನಿಂದ ಸರಳಿಗೆ ಬಿಗಿಯುವ ಉಂಗುರ) ನಾಲ್ಕು, ನೈಲಾನ್ ಬುಶ್ (ತೂತಿನೊಳಗೆ ಕೂರುವ ಪುಟ್ಟ ಕೊಳವೆ) ನಾಲ್ಕು
- 6 ಮಿ.ಮೀ. ಪ್ಲೈವುಡ್, ಎರಡು ಡ್ರಾಯರ್ ಗುಬುಟು, ತೆಳು ಅಲ್ಯೂಮಿನಿಯಂ ಪಟ್ಟಿ, ಒಂದು ತುಂಡು ಫೆಲ್ಟ್ ಬಟ್ಟೆ
- ಮಲ್ಟಿಮೀಟರ್, ಡ್ರಿಲ್, ಗರಗಸ, ಎಮರಿ ಪೇಪರ್, ಸೋಲ್ಡರಿಂಗ್ ಐರನ್

ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕಡಿಮೆ ಬೆಲೆಯದ್ದೇ ಸಾಕು, ಆದರೆ ಮುಟ್ಟಿಸಿದರೆ ಬೀಪ್ ಅನ್ನುವ ವ್ಯವಸ್ಥೆ ಇರಲೇಬೇಕು.

ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಇಷ್ಟೂ ಎಲೆಕ್ಟ್ರಾನಿಕ್ ಸಾಮಾನು ಒಂದೇ ಸುತ್ತಿಗೆ ಸಿಗುತ್ತದೆ. ಅಂಗಡಿಯಲ್ಲಿ ಸುಮ್ನೆ "ವಾಲ್ಯೂಮ್ ಕಂಟ್ರೋಲ್ ಕೊಡಿ" ಅಂತ ಕೇಳಬೇಡಿ. ಆಡಿಯೊದವರಿಗೆ ಕೊಡುವ ಲಾಗ್ ಪಾಟ್ (ಜಾರಿಸಿದ ದೂರಕ್ಕೆ ತಕ್ಕ ಹಾಗೆ ಸಮನಾಗಿ ಬದಲಾಗದ ಪಾಟ್) ಕೈಗೆ ಬರುತ್ತದೆ. "10ಕೆ ಲೀನಿಯರ್, ಸ್ಲೈಡ್, 60 ಎಂಎಂ" ಅಂತ ಪೂರ್ತಿ ಹೇಳಿ.

## ಹಂತ 1: ಬೋರ್ಡನ್ನು ಒಂಟಿಯಾಗಿ ಪರೀಕ್ಷಿಸಿ

ಮನೆಯಲ್ಲಿ ಆರ್ಡುಯಿನೊ ಊನೊ ಇದೆ, ಅದೇ ಸಾಕಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸಾಲದು. ಪ್ರೊ ಮೈಕ್ರೊ, ಲಿಯೊನಾರ್ಡೊ ಎರಡರಲ್ಲೂ ಇರುವುದು ಎಟಿಮೆಗಾ 32ಯು4 ಚಿಪ್. ಅದು ತಾನೇ ನೇರವಾಗಿ ಯುಎಸ್‌ಬಿ ಮಾತಾಡುತ್ತದೆ, ಹಾಗಾಗಿ ಜಾಯ್‌ಸ್ಟಿಕ್ ಅಂತ ಕಂಪ್ಯೂಟರಿಗೆ ಪರಿಚಯ ಹೇಳಿಕೊಳ್ಳಬಲ್ಲದು. ಆರ್3 ತನಕದ ಊನೊದಲ್ಲಿ ಯುಎಸ್‌ಬಿ ಕೆಲಸಕ್ಕೆ ಬೇರೆ ಚಿಪ್ ಇದೆ, ಈ ವಿಧಾನ ಅದರ ಮೇಲೆ ನಡೆಯುವುದಿಲ್ಲ.

ಬೋರ್ಡಿಗೆ ಏನೂ ಜೋಡಿಸದೆ ಬರೀ ಕೇಬಲ್ ಹಾಕಿ. ಆರ್ಡುಯಿನೊ ಐಡಿಇ (ಪ್ರೋಗ್ರಾಂ ಬರೆದು ಬೋರ್ಡಿಗೆ ಹಾಕುವ ತಂತ್ರಾಂಶ) ತೆರೆದು, ಬೋರ್ಡ್ ಪಟ್ಟಿಯಲ್ಲಿ ಲಿಯೊನಾರ್ಡೊ ಆರಿಸಿ, ಖಾಲಿ ಪ್ರೋಗ್ರಾಂ ಒಂದನ್ನು ಹಾಕಿ ನೋಡಿ. ತಕರಾರಿಲ್ಲದೆ ಹೋದರೆ ಈ ಹಂತ ಮುಗಿಯಿತು.

ಪೋರ್ಟ್ ಕಾಣಿಸಲೇ ಇಲ್ಲವಾ? ಮೊದಲು ಕೇಬಲ್ ಬದಲಿಸಿ. ಮೊಬೈಲ್ ಚಾರ್ಜ್ ಮಾಡಲು ಮಾತ್ರ ಬರುವ ಕೇಬಲ್‌ಗಳಲ್ಲಿ ಡೇಟಾ ಎಳೆಗಳೇ ಇರುವುದಿಲ್ಲ. ದೀಪ ಉರಿಯುತ್ತದೆ, ಬೋರ್ಡ್ ಕಾಣಿಸುವುದಿಲ್ಲ. ಕೇಬಲ್ ಬದಲಿಸಿದ ಮೇಲೂ ಹಾಗೇ ಇದ್ದರೆ ಬೋರ್ಡ್ ಅನುಮಾನಿಸಿ.

ಇನ್ನೊಂದು ತಪ್ಪು: ಪ್ರೊ ಮೈಕ್ರೊದಲ್ಲಿ 5 ವೋಲ್ಟ್ 16 ಮೆಗಾಹರ್ಟ್ಸ್, 3.3 ವೋಲ್ಟ್ 8 ಮೆಗಾಹರ್ಟ್ಸ್ ಅಂತ ಎರಡು ಬಗೆ ಇವೆ. ಒಂದರ ಪ್ರೋಗ್ರಾಂ ಇನ್ನೊಂದಕ್ಕೆ ಹಾಕಿದರೆ ಬೋರ್ಡ್ ಸತ್ತ ಹಾಗೆ ಕಾಣುತ್ತದೆ. ಎಸೆಯಬೇಡಿ, ಅದು ಸತ್ತಿಲ್ಲ. ರೀಸೆಟ್ ಪಿನ್ನನ್ನು ಗ್ರೌಂಡ್‌ಗೆ (ಜಿಎನ್‌ಡಿ ಅಂತ ಬರೆದ ಪಿನ್) ಬೇಗ ಬೇಗ ಎರಡು ಸಲ ಮುಟ್ಟಿಸಿ. ಸುಮಾರು 8 ಸೆಕೆಂಡ್ ಕಾಲ ಅದು ಹೊಸ ಪ್ರೋಗ್ರಾಂಗೆ ಕಾಯುತ್ತದೆ. ಅಷ್ಟರೊಳಗೆ ಸರಿಯಾದ ಬೋರ್ಡ್ ಆರಿಸಿ ಅಪ್‌ಲೋಡ್ ಮಾಡಿ. ಮೊದಲ ಸಲಕ್ಕೆ ಆಗದೇ ಇರಬಹುದು, ಸಮಯ ಕೂಡಿ ಬರುವ ತನಕ ಮತ್ತೆ ಮತ್ತೆ ಮಾಡಿ.

## ಹಂತ 2: ಪಾಟ್ ಅಳೆಯಿರಿ

ಪಾಟ್‌ಗೆ ಮೂರು ಕಾಲು. ಎರಡು ತುದಿಯವು, ಒಂದು ನಡುವಿನದು. ನಡುವಿನದು ಅಂದರೆ ಜಾರುವ ಕಡ್ಡಿಗೆ ಸೇರಿದ ಕಾಲು. ಸ್ಲೈಡ್ ಪಾಟ್‌ನಲ್ಲಿ ಅದು ನೋಡಲು ನಡುವೆಯೇ ಇರಬೇಕು ಅಂತಿಲ್ಲ. ಕೆಲವದರಲ್ಲಿ ಎರಡು ಕಾಲು ಒಂದು ಕಡೆ, ಒಂದು ಇನ್ನೊಂದು ಕಡೆ. ಕಣ್ಣು ನಂಬಬೇಡಿ, ಮೀಟರ್ ನಂಬಿ.

ಕಡ್ಡಿಯನ್ನು ಎಷ್ಟೇ ಜಾರಿಸಿದರೂ ಯಾವ ಎರಡು ಕಾಲಿನ ನಡುವೆ ಸುಮಾರು 10 ಕಿಲೊ ಓಮ್ ಹಾಗೇ ನಿಂತಿರುತ್ತದೋ ಅವು ತುದಿಯವು. ಉಳಿದದ್ದು ಜಾರುವ ಕಾಲು. ಅದರ ಮೇಲೆ ಈಗಲೇ ಮಾರ್ಕರ್‌ನಲ್ಲಿ ಗುರುತು ಹಾಕಿ.

ಆಮೇಲೆ ಕಡ್ಡಿಯನ್ನು ಸರಿಯಾಗಿ ಮಧ್ಯಕ್ಕೆ ತನ್ನಿ. ಜಾರುವ ಕಾಲಿಗೂ ಒಂದು ತುದಿಗೂ ಅಳೆಯಿರಿ. 5ಕೆ ಆಸುಪಾಸು ಬಂದರೆ ಅದು ಲೀನಿಯರ್. 1ಕೆ, 2ಕೆ ಅಥವಾ 8ಕೆ ಹೀಗೆ ಬಂದರೆ ಅದು ಲಾಗ್ ಪಾಟ್, ವಾಪಸ್ ಕೊಡಿ. ಲಾಗ್ ಪಾಟ್ ಹಾಕಿದರೆ ಮುಕ್ಕಾಲು ಓಟದ ತನಕ ಎಂಜಿನ್ ಸುಮ್ಮನಿದ್ದು, ಕೊನೆಯ ಒಂದು ಬೆರಳಿನಷ್ಟರಲ್ಲಿ ಪೂರ್ತಿ ಕಿರುಚುತ್ತದೆ. ಪಾಟ್ ಹಿಂದೆ ಬಿ ಅಂತ ಇದ್ದರೆ ಸಾಮಾನ್ಯವಾಗಿ ಲೀನಿಯರ್, ಎ ಅಂದರೆ ಲಾಗ್. ಹಾಗಂತ ಅಕ್ಷರ ಓದಿ ಬಿಡಬೇಡಿ, ಅಳೆದೇ ನೋಡಿ.

## ಹಂತ 3: ಬ್ರೆಡ್‌ಬೋರ್ಡ್ ಮೇಲೆ ಒಂದೇ ಒಂದು ಪಾಟ್

ಒಂದು ತುದಿ ಬೋರ್ಡಿನ ವಿಸಿಸಿಗೆ (5 ವೋಲ್ಟ್ ಕೊಡುವ ಪಿನ್), ಇನ್ನೊಂದು ತುದಿ ಗ್ರೌಂಡ್‌ಗೆ, ಜಾರುವ ಕಾಲು ಎ0 ಪಿನ್ನಿಗೆ. ಜಾರುವ ಕಾಲಿಗೂ ಗ್ರೌಂಡ್‌ಗೂ ನಡುವೆ ಒಂದು 104 ಕೆಪಾಸಿಟರ್.

ಇಲ್ಲಿ ಸ್ವಲ್ಪ ನಿಲ್ಲಿ. ಈ ಇಡೀ ಕೆಲಸದಲ್ಲಿ ಸಾಮಾನು ಸುಡುವ ಜಾಗ ಇದೊಂದೇ. ಒಬ್ಬ ಸ್ನೇಹಿತ ತಂದ ಡಬ್ಬಿಯಲ್ಲಿ ಥ್ರಾಟಲ್ ಆಡಿಸಿದರೂ ಅಂಕಿ ಕದಲುತ್ತಿರಲಿಲ್ಲ, ಪೂರ್ತಿ ತಳ್ಳಿದ ಕೂಡಲೇ ಕಂಪ್ಯೂಟರ್ "ಟಿಂಗ್" ಅಂತ ಸದ್ದು ಮಾಡಿ ಡಬ್ಬಿ ಮಾಯವಾಗುತ್ತಿತ್ತು. ಬಿಚ್ಚಿ ನೋಡಿದರೆ ಪಾಟ್‌ನ ಒಂದು ತುದಿಯಲ್ಲಿ ಕಪ್ಪು ಪಟ್ಟಿಯ ಮೇಲೆ ಸಾಸಿವೆ ಕಾಳಿನಷ್ಟು ಕಂದು ಕಲೆ, ಮೂಗಿಗೆ ಹಿಡಿದರೆ ಸುಟ್ಟ ಬೇಕಲೈಟ್ ವಾಸನೆ. ಜಾರುವ ಕಾಲಿಗೆ 5 ವೋಲ್ಟ್ ಕೊಟ್ಟು, ತುದಿಯ ಕಾಲನ್ನು ಗ್ರೌಂಡ್‌ಗೆ ಹಾಕಿದ್ದ. ಕಡ್ಡಿ ಆ ತುದಿಗೆ ಬಂದಾಗ 5 ವೋಲ್ಟ್ ನೇರ ಗ್ರೌಂಡ್‌ಗೆ. ಹಂತ 2ರಲ್ಲಿ ಗುರುತು ಹಾಕಿಕೊಳ್ಳಿ ಅಂದದ್ದು ಇದಕ್ಕೇ.

ಕೇಬಲ್ ಚುಚ್ಚುವ ಮೊದಲು ಮೀಟರನ್ನು ಬೀಪ್‌ಗೆ ಇಟ್ಟು ವಿಸಿಸಿ, ಗ್ರೌಂಡ್ ನಡುವೆ ಹಿಡಿದು, ಕಡ್ಡಿಯನ್ನು ಈ ತುದಿಯಿಂದ ಆ ತುದಿಗೆ ಜಾರಿಸಿ. ಎಲ್ಲೂ ಬೀಪ್ ಬರಬಾರದು. ಬಂದರೆ ಚುಚ್ಚಬೇಡಿ.

ಈಗ ಐಡಿಇ ಜೊತೆ ಬರುವ, ಅನಲಾಗ್ ಪಿನ್ ಓದಿ ಸೀರಿಯಲ್‌ನಲ್ಲಿ ತೋರಿಸುವ ಉದಾಹರಣೆ ಪ್ರೋಗ್ರಾಂ ಹಾಕಿ. ಕಡ್ಡಿ ಜಾರಿಸಿದ ಹಾಗೆ ಅಂಕಿ 0ಯಿಂದ 1023ರ ತನಕ ಹೋಗಬೇಕು. ಕೈ ಬಿಟ್ಟಾಗ ಒಂದೆರಡು ಅಂಕಿ ಆಚೀಚೆ ಆಡಿದರೆ ಪರವಾಗಿಲ್ಲ. ಹತ್ತು ಹದಿನೈದು ಆಡಿದರೆ ಗ್ರೌಂಡ್ ಜೋಡಣೆ ಸಡಿಲ ಅಥವಾ ಪಾಟ್ ಒಳಗೆ ಧೂಳು. ಎಲ್ಲೋ ಒಂದು ಜಾಗದಲ್ಲಿ ಮಾತ್ರ ಅಂಕಿ ಥಟ್ಟನೆ ನೆಗೆದರೆ ಆ ಪಾಟ್ ಕೆಟ್ಟಿದೆ. ಮೂರು ತನ್ನಿ ಅಂದಿದ್ದೆನಲ್ಲ, ಇನ್ನೊಂದನ್ನು ತೆಗೆದುಕೊಳ್ಳಿ. ಎರಡೂ ಪಾಟ್‌ಗೆ ಇದೇ ಪರೀಕ್ಷೆ.

## ಹಂತ 4: ಜಾಯ್‌ಸ್ಟಿಕ್ ಪ್ರೋಗ್ರಾಂ

ಮ್ಯಾಥ್ಯೂ ಹೈರೊನಿಮಸ್ ಬರೆದ ಆರ್ಡುಯಿನೊ ಜಾಯ್‌ಸ್ಟಿಕ್ ಲೈಬ್ರರಿಯನ್ನು ಗಿಟ್‌ಹಬ್‌ನಿಂದ ಜಿಪ್ ಆಗಿ ಇಳಿಸಿ, ಐಡಿಇಯ ಜಿಪ್ ಲೈಬ್ರರಿ ಸೇರಿಸುವ ಮೆನುವಿನಿಂದ ಹಾಕಿ. ಜೊತೆಗೆ ಉದಾಹರಣೆಗಳೂ ಬರುತ್ತವೆ. ಅವುಗಳಲ್ಲಿ ಒಂದನ್ನು ತೆರೆದು ತಿದ್ದುವುದೇ ಸುಲಭ. ನಿಮ್ಮ ಪ್ರೋಗ್ರಾಂ ಮಾಡಬೇಕಾದ್ದು ಇಷ್ಟು:

ಬೇಡದ ಆಕ್ಸಿಸ್‌ಗಳನ್ನೆಲ್ಲ (ಆಕ್ಸಿಸ್ ಅಂದರೆ ಪಾಟ್‌ನ ಹಾಗೆ ಸತತವಾಗಿ ಬದಲಾಗುವ ಜಾಯ್‌ಸ್ಟಿಕ್ ಅಂಕಿ) ಆಫ್ ಮಾಡಿ, ಎರಡು ಆಕ್ಸಿಸ್, ನಾಲ್ಕು ಬಟನ್ ಮಾತ್ರ ಇಟ್ಟುಕೊಳ್ಳುವುದು. ಎ0, ಎ1 ಪಿನ್‌ಗಳನ್ನು ಪ್ರತಿ ಸಲ 16 ಬಾರಿ ಓದಿ ಸರಾಸರಿ ತೆಗೆಯುವುದು. ಹೊಸ ಸರಾಸರಿ ಹಳೆಯದಕ್ಕಿಂತ 2 ಅಂಕಿಗಿಂತ ಜಾಸ್ತಿ ಬದಲಾಗಿದ್ದರೆ ಮಾತ್ರ ಕಳಿಸುವುದು. ಬಟನ್ ಪಿನ್‌ಗಳಿಗೆ ಒಳಗಿನ ಪುಲ್-ಅಪ್ (ಸ್ವಿಚ್ ತಾಗದಿದ್ದಾಗ ಪಿನ್ನನ್ನು 5 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್) ಹಾಕುವುದು. ಸುತ್ತಿಗೊಮ್ಮೆ 5 ಮಿಲಿ ಸೆಕೆಂಡ್ ನಿಲ್ಲುವುದು.

ಆಫ್ ಮಾಡುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವೈರೇ ಇಲ್ಲದ ಪಿನ್ನನ್ನು ಪ್ರೋಗ್ರಾಂ ಓದುತ್ತಿದ್ದರೆ ಅದು ಗಾಳಿಯಲ್ಲಿ ಸಿಕ್ಕ ಸದ್ದನ್ನೆಲ್ಲ ಹೊತ್ತು ತರುತ್ತದೆ. ಸಿಮ್ಯುಲೇಟರ್‌ನಲ್ಲಿ ಯಾವುದೋ ಆಕ್ಸಿಸ್ ತಾನಾಗಿ ಕುಣಿಯುವುದು ಹೆಚ್ಚಾಗಿ ಈ ಕಾರಣಕ್ಕೆ.

ವಿಂಡೋಸ್‌ನಲ್ಲಿ ಯುಎಸ್‌ಬಿ ಗೇಮ್ ಕಂಟ್ರೋಲರ್ ಸೆಟ್ಟಿಂಗ್ ತೆರೆಯಿರಿ. ಕಡ್ಡಿ ಜಾರಿಸಿದರೆ ಅಲ್ಲಿನ ಗೆರೆ ಕದಲಬೇಕು. ಈ ಮೊದಲು ಬೇರೆ ಪ್ರೋಗ್ರಾಂ ಹಾಕಿದ್ದಿದ್ದರೆ ವಿಂಡೋಸ್ ಹಳೆಯ ಕ್ಯಾಲಿಬ್ರೇಷನ್ ನೆನಪಿಟ್ಟುಕೊಂಡಿರುತ್ತದೆ. ಅಲ್ಲೇ ಇರುವ ಡೀಫಾಲ್ಟ್‌ಗೆ ಮರಳಿಸುವ ಗುಂಡಿ ಒತ್ತಿ. ವಿಂಡೋಸ್‌ನಲ್ಲಿ ಹೊಸದಾಗಿ ಕ್ಯಾಲಿಬ್ರೇಟ್ ಮಾಡಬೇಡಿ, ಆ ಕೆಲಸ ಹಂತ 8ರಲ್ಲಿ ಪ್ರೋಗ್ರಾಂ ಒಳಗೇ ಮಾಡುತ್ತೇವೆ.

## ಹಂತ 5: ರಟ್ಟಿನ ಡಬ್ಬಿ

ಪ್ಲೈವುಡ್ ಮುಟ್ಟುವ ಮೊದಲು ಹಳೆಯ ಪಾರ್ಸೆಲ್ ರಟ್ಟಿನಲ್ಲಿ ಮುಂಭಾಗದ ಫಲಕ ಕತ್ತರಿಸಿ. ಗುಬುಟುಗಳನ್ನು ಅದರ ಮೇಲೆ ಅಂಟಿಸಿ, ನೀವು ಹಾರಿಸುವ ಕುರ್ಚಿಯಲ್ಲಿ ಕೂತು, ಆ ಫಲಕವನ್ನು ಬಲಗೈ ಸಹಜವಾಗಿ ಹೋಗುವ ಜಾಗದಲ್ಲಿ ಹಿಡಿಸಿ. ಕಣ್ಣು ತೆರೆಯ ಮೇಲೆ ಇಟ್ಟು ಥ್ರಾಟಲ್ ಹುಡುಕಿ. ಆಮೇಲೆ ಮಿಕ್ಸ್ಚರ್. ಒಂದನ್ನು ಹಿಡಿದಾಗ ಬೆರಳಿನ ಗೆಣ್ಣು ಇನ್ನೊಂದಕ್ಕೆ ತಾಗಿದರೆ ದೂರ ಸಾಲದು. ನನ್ನ ಕೈಗೆ ಎರಡು ಗುಬುಟುಗಳ ಮಧ್ಯದಿಂದ ಮಧ್ಯಕ್ಕೆ 7 ಸೆಂ.ಮೀ. ಸರಿ ಬಂತು.

ಥ್ರಾಟಲ್‌ಗೆ ನುಣ್ಣನೆಯ ಗುಬುಟು, ಮಿಕ್ಸ್ಚರ್‌ಗೆ ಅಂಚಿನಲ್ಲಿ ಗೀರುಗಳಿರುವ ಗುಬುಟು ಹಾಕಿ. ನಿಜವಾದ ವಿಮಾನದಲ್ಲೂ ಬಣ್ಣದ ಜೊತೆ ಆಕಾರವೂ ಬೇರೆ ಇರುತ್ತದೆ, ನೋಡದೆಯೇ ಕೈಗೆ ಗೊತ್ತಾಗಲಿ ಅಂತ. ಇಳಿಯುವ ಹೊತ್ತಲ್ಲಿ ಥ್ರಾಟಲ್ ಅಂದುಕೊಂಡು ಮಿಕ್ಸ್ಚರ್ ಎಳೆದರೆ ಎಂಜಿನ್ನೇ ನಿಲ್ಲುತ್ತದೆ.

ಈ ರಟ್ಟನ್ನು ಎರಡು ಮೂರು ದಿನ ಹಾಗೇ ಮೇಜಿಗೆ ಅಂಟಿಸಿಟ್ಟು ಹಾರಿಸಿ. ಮರದಲ್ಲಿ ತೂತು ಕೊರೆದ ಮೇಲೆ ಜಾಗ ಬದಲಿಸುವುದು ಕಷ್ಟ, ರಟ್ಟಿನಲ್ಲಿ ಎರಡು ನಿಮಿಷದ ಕೆಲಸ.

## ಹಂತ 6: ತಳ್ಳಿ ಎಳೆಯುವ ಸರಳು

ಇದು ನಿಧಾನವಾಗಿ ಮಾಡಬೇಕಾದ ಹಂತ. ವೈರಿಂಗ್ ತಪ್ಪಿದರೆ ಹತ್ತು ನಿಮಿಷದಲ್ಲಿ ತಿದ್ದಬಹುದು. ಸರಳು ಓರೆಯಾದರೆ ಡಬ್ಬಿಯನ್ನೇ ಬಿಚ್ಚಬೇಕು.

ಡಬ್ಬಿಯ ಆಳ 20 ಸೆಂ.ಮೀ. ಇರಲಿ. ಮುಂದಿನ ಫಲಕದಿಂದ 10 ಸೆಂ.ಮೀ. ಒಳಗೆ ಇನ್ನೊಂದು ಹಲಗೆ ನಿಲ್ಲಿಸಿ. ಸರಳು ಈ ಎರಡೂ ಹಲಗೆಯ ತೂತಿನ ಮೂಲಕ ಹಾಯುತ್ತದೆ. ತೂತು ಕೊರೆಯುವಾಗ ಎರಡು ಹಲಗೆಯನ್ನೂ ಒಟ್ಟಿಗೆ ಜೋಡಿಸಿ, ಕ್ಲಾಂಪ್ ಹಾಕಿ, ಒಂದೇ ಸಲಕ್ಕೆ ಕೊರೆಯಿರಿ. ಬೇರೆ ಬೇರೆ ಕೊರೆದರೆ ಒಂದು ಮಿಲಿಮೀಟರ್ ಆಚೀಚೆ ಆಗಿಯೇ ಆಗುತ್ತದೆ, ಆಗ ಸರಳು ಬಿಗಿಯುತ್ತದೆ. ತೂತಿಗೆ ನೈಲಾನ್ ಬುಶ್ ಕೂರಿಸಿ. ಬರೀ ಪ್ಲೈವುಡ್ ತೂತಿನಲ್ಲಿ ಸರಳು ಓಡಿಸಿದರೆ ಸ್ವಲ್ಪ ದಿನಕ್ಕೇ ತೂತು ಅಗಲವಾಗಿ ಗುಬುಟು ತಲೆ ಆಡಿಸುತ್ತದೆ.

ಸರಳನ್ನು ಮೊದಲು 25 ಸೆಂ.ಮೀ. ಉದ್ದ ಇಟ್ಟುಕೊಳ್ಳಿ, ಎಲ್ಲ ಹೊಂದಿದ ಮೇಲೆ ಕತ್ತರಿಸಿ.

ಈಗ ತಡೆ. ಒಳ ಹಲಗೆಯ ಮುಂದೊಂದು, ಹಿಂದೊಂದು ಕಾಲರ್ ಸರಳಿಗೆ ಬಿಗಿಯಿರಿ. ಒಳಗೆ ತಳ್ಳಿದಾಗ ಮುಂದಿನ ಕಾಲರ್ ಹಲಗೆಗೆ ತಾಗಿ ನಿಲ್ಲುತ್ತದೆ, ಎಳೆದಾಗ ಹಿಂದಿನದು. ಎರಡು ಕಾಲರ್‌ಗಳ ನಡುವೆ 62 ಮಿ.ಮೀ. ಬಿಡಿ. ಹಲಗೆಯ ದಪ್ಪ 6 ಮಿ.ಮೀ. ಕಳೆದರೆ ಸರಳಿನ ಓಟ 56 ಮಿ.ಮೀ. ಪಾಟ್‌ನ ಓಟ 60. ಅಂದರೆ ಎರಡೂ ತುದಿಯಲ್ಲಿ ತಲಾ 2 ಮಿ.ಮೀ. ಮಿಕ್ಕಿರುತ್ತದೆ. ಕೈಯ ಬಲ ಕಾಲರ್ ಮೇಲೆ ಬೀಳುತ್ತದೆ, ಪಾಟ್ ಮೇಲೆ ಬೀಳುವುದಿಲ್ಲ. ಪಾಟ್‌ನ ತುದಿಯನ್ನೇ ತಡೆಯಾಗಿ ಬಳಸಿದವರ ಡಬ್ಬಿಯಲ್ಲಿ ಕಡ್ಡಿ ಮುರಿದಿರುವುದೋ, ಪಾಟ್ ಒಳಗಿನ ಪಟ್ಟಿ ಕಿತ್ತಿರುವುದೋ ಇದ್ದದ್ದೇ.

ಪಾಟ್ ಕೂರುವುದು ಎರಡು ಹಲಗೆಗಳ ನಡುವೆ, ಸರಳಿಗೆ ಸಮಾನಾಂತರವಾಗಿ. 60 ಮಿ.ಮೀ. ಓಟದ ಪಾಟ್‌ನ ಒಡಲು ಸುಮಾರು 9 ಸೆಂ.ಮೀ., ಹಾಗಾಗಿ 10 ಸೆಂ.ಮೀ. ಜಾಗ ಸಾಕು. ಅದರ ಸೀಳು ಮೇಲೆ ನೋಡುವ ಹಾಗೆ ಕೂರಿಸಬೇಡಿ, ಧೂಳೆಲ್ಲ ಒಳಗೆ ಬೀಳುತ್ತದೆ. ಪಕ್ಕಕ್ಕೆ ನೋಡಲಿ.

ಸರಳನ್ನೂ ಪಾಟ್ ಕಡ್ಡಿಯನ್ನೂ ಸೇರಿಸಲು ಅಲ್ಯೂಮಿನಿಯಂ ಪಟ್ಟಿಯ ಒಂದು ತೋಳು ಮಾಡಿ ಸರಳಿಗೆ ಬಿಗಿಯಿರಿ. ತೋಳಿನ ತುದಿಯಲ್ಲಿ ಒಂದು ಸೀಳು, ಅದರೊಳಗೆ ಪಾಟ್ ಕಡ್ಡಿ. ಗುಟ್ಟು ಈ ಸೀಳಿನಲ್ಲಿದೆ. ಓಟದ ದಿಕ್ಕಿನಲ್ಲಿ ಕಡ್ಡಿ ಸೀಳಿಗೆ ಸರಿಯಾಗಿ ಕಚ್ಚಿರಬೇಕು, ಚೂರೂ ಸಡಿಲ ಇರಬಾರದು. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮಾತ್ರ ಆರಾಮಾಗಿ ಆಡಬೇಕು. ಓಟದ ದಿಕ್ಕಿನಲ್ಲಿ ಸಡಿಲ ಇದ್ದರೆ ಗುಬುಟು ಸ್ವಲ್ಪ ಕದಲಿದರೂ ಅಂಕಿ ಬದಲಾಗುವುದಿಲ್ಲ. ಉಳಿದ ದಿಕ್ಕಿನಲ್ಲಿ ಬಿಗಿ ಇದ್ದರೆ ಸರಳು ಚೂರು ಓರೆಯಾದರೂ ಕಡ್ಡಿ ಸಿಕ್ಕಿಕೊಳ್ಳುತ್ತದೆ. ಕಡ್ಡಿಗೆ ಫೆವಿಕ್ವಿಕ್ ಹಾಕಿ ತೋಳಿಗೆ ಅಂಟಿಸುವುದಂತೂ ಬೇಡವೇ ಬೇಡ.

ಗುಬುಟು ತಿರುಗಿಸಿದರೆ ಸರಳೂ ತಿರುಗಿ ತೋಳು ಕಡ್ಡಿಯನ್ನು ತಿರುಚುತ್ತದೆ. ಅದಕ್ಕೆ ತೋಳಿನ ಇನ್ನೊಂದು ತುದಿ ಡಬ್ಬಿಯ ತಳದಲ್ಲಿ ಅಂಟಿಸಿದ ಎರಡು ಪಟ್ಟಿಗಳ ನಡುವಿನ ಸಂದಿಯಲ್ಲಿ ಜಾರುವ ಹಾಗೆ ಮಾಡಿ.

ಬಿಗಿ ಎಷ್ಟಿರಬೇಕು? ಥ್ರಾಟಲ್ ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕು, ಎರಡು ಬೆರಳಿನಲ್ಲಿ ಒಂದು ಮಿಲಿಮೀಟರ್ ಕದಲಿಸಲೂ ಬರಬೇಕು. ಮುಂದಿನ ಬುಶ್ ಹತ್ತಿರ ಪಕ್ಕದಿಂದ ಒಂದು ಬೋಲ್ಟ್ ಹಾಕಿ, ಅದರ ತುದಿಗೆ ಫೆಲ್ಟ್ ತುಂಡು ಅಂಟಿಸಿ, ಸರಳಿಗೆ ಮೆಲ್ಲಗೆ ಒತ್ತಿಸಿ. ಬೋಲ್ಟ್ ತಿರುಗಿಸಿ ಬಿಗಿ ಹೊಂದಿಸಿಕೊಳ್ಳಬಹುದು. ಸರಳು ಕಿರ್ ಅಂದರೆ ಎಣ್ಣೆ ಬಿಡಬೇಡಿ, ಅದು ಹರಿದು ಪಾಟ್ ಒಳಗೆ ಹೋಗುತ್ತದೆ. ಸರಳಿಗೆ ಮೇಣದ ಬತ್ತಿ ಉಜ್ಜಿ, ಬಟ್ಟೆಯಲ್ಲಿ ಒರೆಸಿದರೆ ಸಾಕು.

## ಹಂತ 7: ಫ್ಲಾಪ್ ಹಿಡಿ

ಫ್ಲಾಪ್‌ಗೆ ಪಾಟ್ ಬೇಡ. ನಾಲ್ಕೇ ಜಾಗ ಇರುವಾಗ ರೋಟರಿ ಸ್ವಿಚ್ಚೇ ವಾಸಿ, ಪ್ರತಿ ಜಾಗದಲ್ಲೂ ಟಕ್ ಅಂತ ಕೂರುತ್ತದೆ. 12 ಜಾಗದ ಸ್ವಿಚ್ಚಿನ ನಟ್ ತೆಗೆದರೆ ಕೆಳಗೆ ಒಂದು ತೆಳು ಉಂಗುರ, ಅದಕ್ಕೊಂದು ಪುಟ್ಟ ಹಲ್ಲು ಇರುತ್ತದೆ. ಸ್ವಿಚ್ಚನ್ನು ಎಡ ತುದಿಗೆ ತಿರುಗಿಸಿಟ್ಟು, ಆ ಹಲ್ಲನ್ನು 4ರ ತೂತಿಗೆ ಬದಲಿಸಿ ಮತ್ತೆ ನಟ್ ಬಿಗಿದರೆ ನಾಲ್ಕೇ ಜಾಗಕ್ಕೆ ನಿಲ್ಲುತ್ತದೆ. ದಂಡಕ್ಕೆ ಚಪ್ಪಟೆ ಹಿಡಿ ಹಾಕಿ.

ನಡುವಿನ ಕಾಲು ಗ್ರೌಂಡ್‌ಗೆ, ನಾಲ್ಕು ಜಾಗದ ಕಾಲುಗಳು 2, 3, 4, 5 ಪಿನ್‌ಗಳಿಗೆ. ಪುಲ್-ಅಪ್ ಬೋರ್ಡಿನ ಒಳಗೇ ಇರುವುದರಿಂದ ಬೇರೆ ರೆಸಿಸ್ಟರ್ ಬೇಡ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಅರೆಗಳಿಗೆ ಯಾವ ಪಿನ್ನೂ ತಾಗಿರುವುದಿಲ್ಲ, ಅದು ಸಹಜ.

## ಹಂತ 8: ನಿಮ್ಮ ಡಬ್ಬಿಯ ಅಂಕಿ ಬರೆದುಕೊಳ್ಳಿ

ಪಾಟ್‌ಗಳು ಡಬ್ಬಿಯೊಳಗೆ ಕೂತಿವೆ, ವೈರು ಇನ್ನೂ ಜಂಪರ್‌ಗಳೇ. ಹಂತ 3ರ ಸೀರಿಯಲ್ ಪ್ರೋಗ್ರಾಂ ಮತ್ತೆ ಹಾಕಿ. ಥ್ರಾಟಲ್ ಪೂರ್ತಿ ಎಳೆದು ಅಂಕಿ ಬರೆಯಿರಿ. ಪೂರ್ತಿ ತಳ್ಳಿ ಅಂಕಿ ಬರೆಯಿರಿ. ಈಗ ಅದು 0, 1023 ಇರುವುದಿಲ್ಲ. 30ರ ಹತ್ತಿರ, 990ರ ಹತ್ತಿರ ಹೀಗೆ ಏನೋ ಬರುತ್ತದೆ, ಓಟ ಕಡಿಮೆ ಮಾಡಿದ್ದೇವಲ್ಲ.

ಬಂದ ಕಡಿಮೆ ಅಂಕಿಗೆ 5 ಕೂಡಿಸಿ, ಜಾಸ್ತಿ ಅಂಕಿಯಿಂದ 5 ಕಳೆಯಿರಿ. ಅವೆರಡನ್ನು ಜಾಯ್‌ಸ್ಟಿಕ್ ಪ್ರೋಗ್ರಾಂನಲ್ಲಿ ಆಕ್ಸಿಸ್‌ನ ಮಿತಿ ಅಂತ ಕೊಡಿ, ಮಿತಿ ದಾಟಿದ ಅಂಕಿಯನ್ನು ಮಿತಿಗೇ ಕಟ್ಟಿಹಾಕಿ. ಈ 5ರ ಅಂತರ ಯಾಕೆ ಅಂದರೆ, ಮರ ಮಳೆಗಾಲದಲ್ಲಿ ಸ್ವಲ್ಪ ಉಬ್ಬಿದರೂ ಪೂರ್ತಿ ತಳ್ಳಿದಾಗ ಪೂರ್ತಿಯೇ ಸಿಗಬೇಕು.

## ಹಂತ 9: ಈಗ ಬೆಸುಗೆ

ಮೂರು ಬಣ್ಣ ನಿಗದಿ ಮಾಡಿ: ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಹಳದಿ ಸಿಗ್ನಲ್. ಬೇರೆ ಬಣ್ಣ ಬೆರೆಸಬೇಡಿ. ಪ್ರತಿ ಪಾಟ್‌ನ ಮೂರೂ ವೈರು ಒಟ್ಟಿಗೆ ಹೆಣೆದು ತನ್ನಿ. 104 ಕೆಪಾಸಿಟರ್ ಬೋರ್ಡಿನ ಪಿನ್ ಹತ್ತಿರ ಇರಲಿ.

ಸೀಸದ ಬೆಸುಗೆ ತಂತಿಗೆ ಐರನ್ 350 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಪಾಟ್‌ನ ಕಾಲಿಗೆ ಮೂರು ಸೆಕೆಂಡಿಗಿಂತ ಜಾಸ್ತಿ ಬಿಸಿ ಹಿಡಿಯಬೇಡಿ, ಕಾಲು ಹಿಡಿದಿರುವ ಪ್ಲಾಸ್ಟಿಕ್ ಕರಗಿ ಒಳಗಿನ ತಾಗುವಿಕೆ ಸಡಿಲವಾಗುತ್ತದೆ. ಮೊದಲೇ ಕಾಲಿಗೂ ವೈರಿಗೂ ಬೇರೆ ಬೇರೆಯಾಗಿ ಸ್ವಲ್ಪ ಸೀಸ ಹಚ್ಚಿಟ್ಟುಕೊಂಡರೆ ಸೇರಿಸುವಾಗ ಒಂದೇ ಸೆಕೆಂಡ್ ಸಾಕು. ಕಿಟಕಿ ತೆಗೆದಿರಲಿ, ಹೊಗೆ ಮೂಗಿಗೆ ಬೇಡ, ಮುಗಿದ ಮೇಲೆ ಕೈ ತೊಳೆದು ಆಮೇಲೆ ತಿಂಡಿ ಮುಟ್ಟಿ.

ಒಂದು ವೈರು ಬೆಸೆದ ಕೂಡಲೇ ಅದನ್ನು ಮೆಲ್ಲಗೆ ಎಳೆದು ನೋಡಿ. ಎಲ್ಲ ಮುಗಿದ ಮೇಲೆ, ಕೇಬಲ್ ಚುಚ್ಚುವ ಮೊದಲು, ಮತ್ತದೇ ಬೀಪ್ ಪರೀಕ್ಷೆ: ವಿಸಿಸಿ, ಗ್ರೌಂಡ್ ನಡುವೆ ಮೀಟರ್ ಹಿಡಿದು ಎರಡೂ ಗುಬುಟುಗಳನ್ನು ಪೂರ್ತಿ ಆಡಿಸಿ.

ಪ್ರೊ ಮೈಕ್ರೊದ ಯುಎಸ್‌ಬಿ ಬಾಯಿ ಬಹಳ ನಾಜೂಕು. ಕೇಬಲ್ ಒಂದೆರಡು ಸಲ ಜಗ್ಗಿದರೆ ಬೋರ್ಡಿನಿಂದಲೇ ಕಿತ್ತು ಬರುತ್ತದೆ, ಅದನ್ನು ಮತ್ತೆ ಕೂರಿಸುವುದು ಸುಲಭವಲ್ಲ. ಬಾಯಿಯ ಸುತ್ತ, ಒಳಗೆ ಹೋಗದ ಹಾಗೆ, ಎಂ-ಸೀಲ್ ಮೆತ್ತಿ. ಕೇಬಲನ್ನು ಡಬ್ಬಿಯ ಒಳಗೇ ಒಂದು ಟೈ ಹಾಕಿ ಮರಕ್ಕೆ ಬಿಗಿಯಿರಿ. ಜಗ್ಗಿದರೆ ಮರ ತಡೆಯಲಿ.

## ಹಂತ 10: ಸಿಮ್ಯುಲೇಟರ್‌ಗೆ ಜೋಡಿಸುವುದು

ಸಿಮ್ಯುಲೇಟರ್ ಹೊಸ ಡಬ್ಬಿಗೆ ತಾನಾಗಿ ಏನಾದರೂ ಜೋಡಿಸಿದ್ದರೆ ಮೊದಲು ಅದನ್ನೆಲ್ಲ ಅಳಿಸಿ. ನಿಮ್ಮ ಹಳೆಯ ಜಾಯ್‌ಸ್ಟಿಕ್‌ನಲ್ಲಿ ಥ್ರಾಟಲ್ ಗಾಲಿ ಇದ್ದರೆ ಅದರ ಜೋಡಣೆಯನ್ನೂ ತೆಗೆಯಿರಿ. ಎರಡು ಕಡೆಯಿಂದ ಥ್ರಾಟಲ್ ಬಂದರೆ ಎಂಜಿನ್ ಮೇಲೆ ಕೆಳಗೆ ಹೊಯ್ದಾಡುತ್ತದೆ, ಜನ ಅದನ್ನು ಪಾಟ್‌ನ ದೋಷ ಅಂದುಕೊಂಡು ಬೆಸುಗೆ ಕೀಳುತ್ತಾರೆ.

ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನಲ್ಲಿ ಥ್ರಾಟಲ್ ಆಕ್ಸಿಸ್ ಅಂತ ಒಂದು, 0ಯಿಂದ 100 ಪರ್ಸೆಂಟ್ ಅಂತ ಬರೆದ ಇನ್ನೊಂದು ಇದೆ. ಗುಬುಟಿನ ಅರ್ಧ ಓಟ ಮಾತ್ರ ಕೆಲಸ ಮಾಡುತ್ತಿದ್ದರೆ ನೀವು ಹಾಕಿದ್ದು ತೆಗೆದು ಇನ್ನೊಂದನ್ನು ಹಾಕಿ. ತಳ್ಳಿದರೆ ಶಕ್ತಿ ಕಡಿಮೆಯಾಗುತ್ತಿದ್ದರೆ ಆಕ್ಸಿಸ್ ತಿರುಗಿಸುವ ಆಯ್ಕೆ ಟಿಕ್ ಮಾಡಿ, ವೈರು ಬಿಚ್ಚಬೇಡಿ.

ಫ್ಲಾಪ್‌ನ ನಾಲ್ಕು ಬಟನ್‌ಗಳಿಗೆ ನಾಲ್ಕು ಜಾಗದ ನೇರ ಆದೇಶ ಕೊಡಿ. ಒಂದು ಹೆಜ್ಜೆ ಹೆಚ್ಚಿಸು, ಕಡಿಮೆ ಮಾಡು ಅನ್ನುವ ಆದೇಶ ಕೊಟ್ಟರೆ ಹಿಡಿ ಒಂದು ಕಡೆ, ವಿಮಾನದ ಫ್ಲಾಪ್ ಇನ್ನೊಂದು ಕಡೆ ಆಗುತ್ತದೆ. ಮುಂದೆ ಲೈಟಿನ ಸ್ವಿಚ್ಚು ಹಾಕುವಾಗಲೂ ಇದೇ ಮಾತು: ಆನ್‌ಗೆ ಒಂದು ಆದೇಶ, ಆಫ್‌ಗೆ ಇನ್ನೊಂದು ಇರಲಿ.

## ಎಚ್ಚರಿಕೆಯ ಗುರುತುಗಳು

ಪಾಟ್ ಅಥವಾ ಬೋರ್ಡ್ ಕೈಗೆ ಬಿಸಿ ತಾಗಿದರೆ, ಸುಟ್ಟ ವಾಸನೆ ಬಂದರೆ, ಕೂಡಲೇ ಕೇಬಲ್ ಕೀಳಿ. ಈ ಡಬ್ಬಿಯಲ್ಲಿ ಬಿಸಿಯಾಗಬೇಕಾದ್ದು ಏನೂ ಇಲ್ಲ.

ಗುಬುಟು ಒಂದೇ ಜಾಗಕ್ಕೆ ಬಂದಾಗಲೆಲ್ಲ ಡಬ್ಬಿ ಕಡಿದುಹೋದರೆ ಶಾರ್ಟ್ ಅಥವಾ ಎಳೆಯಲ್ಪಡುತ್ತಿರುವ ವೈರು. ಯಾವಾಗಲೋ ಒಮ್ಮೊಮ್ಮೆ ಕಡಿದುಹೋದರೆ ಯುಎಸ್‌ಬಿ ಹಬ್ ಬಿಟ್ಟು ಕಂಪ್ಯೂಟರಿಗೇ ನೇರ ಹಾಕಿ ನೋಡಿ. ಎರಡು ಆಕ್ಸಿಸ್ ಒಟ್ಟಿಗೆ ನಡುಗಿದರೆ ಎರಡಕ್ಕೂ ಸೇರಿದ ಗ್ರೌಂಡ್ ವೈರಿನ ಬೆಸುಗೆ ನೋಡಿ, ಪಾಟ್ ಬದಲಿಸಬೇಡಿ. ಒಂದು ಮಾತ್ರ ನಡುಗಿದರೆ ಆ ಪಾಟ್‌ನ ಹಳದಿ ವೈರು.

## ಕೊನೆಯ ಪರೀಕ್ಷೆ

172ಎಸ್ ತೆಗೆದುಕೊಂಡು ಮೈಸೂರೋ ಇನ್ನಾವುದೋ ನಿಲ್ದಾಣದ ರನ್‌ವೇ ಪಕ್ಕದಲ್ಲಿ ಬ್ರೇಕ್ ಹಾಕಿ ನಿಲ್ಲಿಸಿ. ಹಾರುವ ಮೊದಲಿನ ಎಂಜಿನ್ ತಪಾಸಣೆಗೆ ಈ ವಿಮಾನದಲ್ಲಿ 1800 ಆರ್‌ಪಿಎಂ ಇಡುತ್ತಾರೆ. ನೀವೂ ಅಷ್ಟಕ್ಕೆ ತಂದು ಕೈ ಬಿಡಿ, ಒಂದು ನಿಮಿಷ ಮುಳ್ಳನ್ನೇ ನೋಡಿ. ಅದು ಕದಲದೆ ನಿಂತರೆ ಪಾಟ್, ಫೆಲ್ಟ್, ಸರಾಸರಿ ಮೂರೂ ಸರಿ. ಮುಳ್ಳು ನಿಧಾನವಾಗಿ ಒಂದೇ ಕಡೆಗೆ ಜಾರಿದರೆ ಸರಳು ಸಡಿಲ, ಬೋಲ್ಟ್ ಕಾಲು ಸುತ್ತು ಬಿಗಿಯಿರಿ. ಅಲ್ಲಲ್ಲೇ ನಡುಗಿದರೆ ಹಂತ 3ಕ್ಕೆ ಹೋಗಿ.

ಆಮೇಲೆ ಥ್ರಾಟಲ್ ಪೂರ್ತಿ ಎಳೆದು, ಮಿಕ್ಸ್ಚರ್ ಪೂರ್ತಿ ಎಳೆಯಿರಿ. ಕೆಲವೇ ಸೆಕೆಂಡಿನಲ್ಲಿ ಎಂಜಿನ್ ನಿಲ್ಲಬೇಕು. ನಿಲ್ಲದೆ ಕುಂಟುತ್ತಾ ಓಡುತ್ತಿದ್ದರೆ ಮಿಕ್ಸ್ಚರ್ ಸೊನ್ನೆಗೆ ಮುಟ್ಟುತ್ತಿಲ್ಲ. ಹಂತ 8ರ ಅಂಕಿ ಮತ್ತೆ ತೆಗೆಯಿರಿ. ಒಂದು ವಾರ ಹಾರಿಸಿದ ಮೇಲೆ ಡಬ್ಬಿ ತೆರೆದು ನಾಲ್ಕೂ ಕಾಲರ್‌ಗಳ ಸ್ಕ್ರೂ ಒಮ್ಮೆ ಬಿಗಿಯಿರಿ, ಮೊದಲ ವಾರದಲ್ಲಿ ಅವು ಸಡಿಲವಾಗುತ್ತವೆ. ಕಾಲರ್ ಸರಿದಿದ್ದರೆ ಅಂಕಿಯೂ ಬದಲಾಗಿರುತ್ತದೆ, ಅದನ್ನೂ ಆಗಲೇ ಹೊಸದಾಗಿ ಬರೆದುಕೊಂಡು ಪ್ರೋಗ್ರಾಂನಲ್ಲಿ ತಿದ್ದಿಬಿಡಿ.